ಅಳಿವೆ ಮರಳಿನಲ್ಲಿ ಸ್ಲ್ಯಾಬ್ ಹಾಕಿಸಬೇಡಿ

ತಾವೇ ನಿಂತು ಸಾಮಾನು ತರಿಸಿ, ಮೇಸ್ತ್ರಿಗೆ ಕೂಲಿ ಮಾತ್ರ ಮಾತಾಡಿ ಮನೆ ಕಟ್ಟಿಸುವವರು ಕಾರವಾರದಿಂದ ಭಟ್ಕಳದವರೆಗೆ ಊರೂರಲ್ಲೂ ಇದ್ದಾರೆ. ಈ ಬೇಸಿಗೆಯಲ್ಲಿ ಸ್ಲ್ಯಾಬ್ ಹಾಕಿಸಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆಯ ಉಪ್ಪುನೀರು ಹತ್ತುವ ಗಜನಿ ಗದ್ದೆಗಳ ಅಂಚಿಗಿದೆ. ಕಟ್ಟಿ ಕೆಲವೇ ವರ್ಷವಾಗಿದೆ. ಅಡುಗೆಮನೆಯ ಸ್ಲ್ಯಾಬಿನ ಅಡಿಯಿಂದ ಕಾಂಕ್ರೀಟ್ ಹಪ್ಪಳದ ಹಾಗೆ ಉಬ್ಬಿ ಕಳಚಿ ಬೀಳುತ್ತಿದೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಪದರ ಪದರವಾಗಿ ಎದ್ದಿದೆ. ಮೊದಲ ತುಂಡು ಬಿದ್ದಾಗ ಆಯಿ ಒಲೆಯ ಹತ್ತಿರವೇ ಇದ್ದಳು. ಅವಳಿಗೆ ತಾಗಲಿಲ್ಲ ಎನ್ನುವುದೊಂದೇ ಸಮಾಧಾನ.

ನಮ್ಮ ಕಡೆ ಸ್ಲ್ಯಾಬ್ ಕೆಲಸವೆಲ್ಲ ಏಪ್ರಿಲ್, ಮೇ ತಿಂಗಳಿಗೆ ಬಂದು ನಿಲ್ಲುತ್ತದೆ. ಜೂನ್ ಮೊದಲ ವಾರಕ್ಕೆ ಮಳೆಗಾಲ ಹಿಡಿಯುತ್ತದೆ, ಅಷ್ಟರೊಳಗೆ ಮಾಡು ಮುಚ್ಚಬೇಕು ಎಂಬ ಗಡಿಬಿಡಿ ಎಲ್ಲರಿಗೂ. ಅದೇ ಹೊತ್ತಿಗೆ ಮರಳು ಸಿಗುವುದಿಲ್ಲ. ಮರಳು ಹಾಕಿಸುವವರು ನಮಗೆ ಹೇಳಿದ್ದು ‘ಮೇಲಿನ ಹೊಳೆಯ ಮರಳು’ ಎಂದು. ಇಳಿಸಿದ ರಾಶಿಯಲ್ಲಿ ಬಳಚಿನ ಚಿಪ್ಪಿನ ಚೂರುಗಳಿದ್ದವು. ನಿವೃತ್ತ ಶಿಕ್ಷಕರಾದ ಅಪ್ಪ ಅದನ್ನು ಕೈಯಲ್ಲಿ ಹಿಡಿದು ಮೇಸ್ತ್ರಿಗೆ ತೋರಿಸಿದರು. “ಸಿಮೆಂಟಿನ ಸಂಗಡ ಸೇರಿದ ಮೇಲೆ ಎಂತದೂ ಆಗೂದಿಲ್ಲ ಮಾಸ್ತರೆ, ಈ ಊರಲ್ಲಿ ಎಲ್ಲಾ ಮನೆಗೂ ಇದೇ ಮರಳು” ಎಂದರು ಅವರು.

ಆಗುತ್ತದೆ. ಚಿಪ್ಪಿನ ಚೂರು ಇದೆಯೆಂದರೆ ಆ ಮರಳು ಉಬ್ಬರದ ನೀರು ಏರುವ ಜಾಗದ್ದು. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ನೀರು ಉಪ್ಪನ್ನು ಸಮುದ್ರಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ಸಂಗಡ ಉಪ್ಪುನೀರು ಬಹಳ ಮೇಲಿನವರೆಗೂ ಬರುತ್ತದೆ. ಕಾಳಿ, ಗಂಗಾವಳಿ, ಶರಾವತಿಗಳಲ್ಲೂ ಇದೇ ಕಥೆ. ಅಂದರೆ ನಾವು ಸ್ಲ್ಯಾಬಿಗೆ ಮರಳು ಹುಡುಕುವ ತಿಂಗಳುಗಳಲ್ಲೇ ಅಳಿವೆಯ ಮರಳಿನಲ್ಲಿ ಉಪ್ಪು ಹೆಚ್ಚು.

ಒಳ್ಳೆಯ ಕಾಂಕ್ರೀಟಿನೊಳಗೆ ಸಿಮೆಂಟಿನ ಕ್ಷಾರದಿಂದಾಗಿ ಸರಳಿನ ಮೈಮೇಲೆ ತೆಳುವಾದ ರಕ್ಷಣೆಯ ಪೊರೆ ಕಟ್ಟಿಕೊಳ್ಳುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಒಡೆಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಸೀಳುತ್ತದೆ. ಹೊರಗಿನಿಂದ ಬಣ್ಣ ಬಳಿದು, ವಾಟರ್‌ಪ್ರೂಫಿಂಗ್ ಹಚ್ಚಿ ಇದನ್ನು ತಡೆಯಲು ಬರುವುದಿಲ್ಲ. ರೋಗ ಒಳಗೇ ಇದೆ.

ನೀರಿನದ್ದೂ ಇದೇ ಗೋಳು. ಸರಳು ಹಾಕುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದು ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಗಜನಿಯ ಅಂಚಿನ ಬಾವಿಗಳು ಮೇ ತಿಂಗಳಿಗೆ ಉಪ್ಪಾಗುವುದು ಇಲ್ಲಿಯವರಿಗೆಲ್ಲ ಗೊತ್ತು. ಕುಡಿಯಲು ಬೇರೆ ನೀರು ತರುತ್ತೇವೆ, ಕಾಂಕ್ರೀಟಿಗೆ ಮಾತ್ರ ಅದೇ ಬಾವಿಗೆ ಪಂಪು ಹಾಕುತ್ತೇವೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಸಿಯಾಗಿಡಲು (ಕ್ಯೂರಿಂಗ್) ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸುವ ನೀರೂ ಅದೇ. ಬಾವಿ ನೀರನ್ನು ಕುಡಿಯುವ ನೀರಿನ ಪರೀಕ್ಷೆಗೆ ಕೊಟ್ಟರೆ ಕ್ಲೋರೈಡ್ ಎಷ್ಟಿದೆ ಎಂದು ಬರೆದುಕೊಡುತ್ತಾರೆ. ಆ ಕಾಗದ ಕೈಗೆ ಬರುವವರೆಗೆ ಮಿಕ್ಸರ್ ತರಿಸಬೇಡಿ.

ನಮ್ಮ ಸ್ಲ್ಯಾಬ್ ಒಡೆದು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಸರಳನ್ನು ಮೇಲೆತ್ತಿ ಹಿಡಿಯಲು ಅದರ ಕೆಳಗೆ ಇಡುವ ಸಣ್ಣ ತುಂಡು, ಅಂದರೆ ಕವರ್ ಬ್ಲಾಕ್, ಇರಲೇ ಇಲ್ಲ. ಅಲ್ಲಲ್ಲಿ ಜಲ್ಲಿ ಚೂರು ಕೊಟ್ಟಿದ್ದರು. ಕಾಂಕ್ರೀಟ್ ಸುರಿಯುವಾಗ ಆಳುಗಳು ಮೇಲೆ ಓಡಾಡಿದ್ದಕ್ಕೆ ಅವು ಸರಿದು, ಸರಳು ಕೆಳಗಿನ ಅಚ್ಚಿನ (ಸೆಂಟ್ರಿಂಗ್) ಶೀಟಿಗೆ ತಾಗಿಯೇ ಕೂತಿತ್ತು. ಕಡಲ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ ಮಾನಕ ಕೇಳುವುದು 45 ಮಿಲಿಮೀಟರ್ ಕವರ್ (ಸರಳಿನಿಂದ ಹೊರಮೈವರೆಗಿನ ಕಾಂಕ್ರೀಟಿನ ದಪ್ಪ), ಎಂ30 ದರ್ಜೆ (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ). ಮೇಸ್ತ್ರಿಗಳು ರೂಢಿಯಲ್ಲಿ ಹಾಕುವ ಒಂದು-ಎರಡು-ನಾಲ್ಕರ (ಸಿಮೆಂಟು, ಮರಳು, ಜಲ್ಲಿ) ಮಿಶ್ರಣ ಎಂ20ರ ಮಟ್ಟಕ್ಕೂ ಬರುವುದಿಲ್ಲ. ನೀರು 50 ಕಿಲೋ ಸಿಮೆಂಟ್ ಚೀಲಕ್ಕೆ 22 ಲೀಟರ್ ಆಸುಪಾಸು ಸಾಕು, ಮರಳಿನ ಹಸಿಯನ್ನೂ ಅದರಲ್ಲೇ ಲೆಕ್ಕ ಹಿಡಿಯಬೇಕು. ಸುಲಭವಾಗಿ ಹರಿಯಲಿ ಎಂದು ಕೊಡಗಟ್ಟಲೆ ಸುರಿಯುವುದನ್ನು ನೀವೇ ಎದುರು ನಿಂತು ತಡೆಯಬೇಕು.

ಈಗ ಯಾರನ್ನು ಕೇಳುವುದು? ಮೇಸ್ತ್ರಿ, “ಸಾಮಾನು ನಿಮ್ಮದು, ನಾನು ಕೂಲಿ ಮಾಡಿದವ” ಎನ್ನುತ್ತಾರೆ. ಮರಳಿನವರು, “ನಿಮ್ಮ ಮೇಸ್ತ್ರಿ ನೋಡಿಯೇ ಇಳಿಸಿಕೊಂಡದ್ದಲ್ವಾ” ಎನ್ನುತ್ತಾರೆ. ಪಂಚಾಯತಿ ಪರವಾನಗಿಗೆ ನಕ್ಷೆ ಮಾಡಿಕೊಟ್ಟ ಎಂಜಿನಿಯರು ತಮ್ಮ ಕೆಲಸ ನಕ್ಷೆಗೆ ಮುಗಿಯಿತು ಎಂದರು. ಮೂವರ ಮಾತೂ ಕಾಗದದ ಮಟ್ಟಿಗೆ ಸರಿ. ಸ್ವಂತ ನಿಂತು ಕಟ್ಟಿಸುವಾಗ ಕಂತ್ರಾಟುದಾರರ ಲಾಭ ಉಳಿಯುತ್ತದೆ ನಿಜ, ಅವರ ಹೊಣೆಯೂ ನಮ್ಮ ತಲೆಗೆ ಬರುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ದುರಸ್ತಿಯ ಬಗ್ಗೆಯೂ ವಿಚಾರಿಸಿದ್ದೇವೆ. ಸಡಿಲಾದ ಕಾಂಕ್ರೀಟ್ ಕಿತ್ತು, ಸರಳು ಉಜ್ಜಿ, ಹೊಸ ಗಾರೆ ತುಂಬಿದರೂ ಪಕ್ಕದ ಹಳೆಯ ಕಾಂಕ್ರೀಟಿನಲ್ಲಿ ಉಪ್ಪು ಉಳಿದೇ ಇರುತ್ತದೆ. ತೇಪೆಯ ಅಂಚಿನಲ್ಲಿ ಮತ್ತೆ ತುಕ್ಕು ಏಳುತ್ತದೆ.

ಹಾಗಾಗಿ ಎಲ್ಲ ಎಚ್ಚರಿಕೆ ಸ್ಲ್ಯಾಬಿನ ಮುಂಚೆಯೇ ಇರಲಿ. ಹೊಳೆ ಮರಳಿನ ಮೂಲ ಖಚಿತವಿಲ್ಲದಿದ್ದರೆ ಎಂ ಸ್ಯಾಂಡ್ ತರಿಸಿ. ಕಲ್ಲು ಪುಡಿ ಮಾಡಿದ್ದಾದ್ದರಿಂದ ಅದರಲ್ಲಿ ಕಡಲ ಉಪ್ಪಿರುವುದಿಲ್ಲ, ದೂಳು ಮಾತ್ರ ನೋಡಿಕೊಳ್ಳಿ. ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ್ದು) ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಅದಕ್ಕೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಸಿಹಿನೀರಿನ ಕ್ಯೂರಿಂಗ್ ಬೇಕೇ ಬೇಕು. ಮೇಸ್ತ್ರಿಯ ಜತೆ ಬರಹದಲ್ಲಿ ಒಪ್ಪಂದ ಮಾಡಿಕೊಂಡು ಕವರ್ ಬ್ಲಾಕಿನ ಅಳತೆ, ಮಿಶ್ರಣದ ಪ್ರಮಾಣ, ಯಾವ ಹಂತಕ್ಕೆ ಎಷ್ಟು ಹಣ ಎಂಬುದನ್ನು ಕಾಣಿಸಿ. ಎಂ30ಕ್ಕೆ ಮಿಕ್ಸ್ ಡಿಸೈನ್, ಅಂದರೆ ನಿಮ್ಮ ಸಾಮಾನಿಗೆ ತಕ್ಕ ಮಿಶ್ರಣದ ಲೆಕ್ಕ, ಮಾಡಿಸಬೇಕು. ಎಂಜಿನಿಯರಿಗೆ ನಕ್ಷೆಯ ಫೀ ಬೇರೆ, ಸೈಟಿಗೆ ಬಂದು ನೋಡುವ ಫೀ ಬೇರೆ ಎಂದೇ ಮಾತಾಡಿ. ಸರಳು ಕಟ್ಟಿ ಮುಗಿದ ಮೇಲೆ, ಕಾಂಕ್ರೀಟಿಗೆ ಆಳು ಕರೆಯುವ ಮುಂಚೆ ಅವರನ್ನು ಕರೆಸಿ, ಸರಳಿನಡಿಗೆ ಟೇಪು ಹಿಡಿದು ಅಳೆಸಿ, ಸಹಿ ಹಾಕಿಸಿಕೊಳ್ಳಿ. ಮಳೆ ಹತ್ತಿರ ಬಂತು ಎಂದು ಯಾರಾದರೂ ಅವಸರ ಮಾಡಿದರೆ, ಆ ವರ್ಷ ಗೋಡೆಗೆ ತಾಡಪತ್ರಿ ಮುಚ್ಚಿ ನಿಲ್ಲಿಸಿ. ಚಿರೆಕಲ್ಲಿನ ಗೋಡೆ ಒಂದು ಮಳೆಗಾಲ ಕಾಯುತ್ತದೆ.