ಹಳೇ ಕ್ಯಾಲ್ಕುಲೇಟರಿನ ಬಟನಿಗೆ ಡೆಕಾಲ್ ಶೀಟ್: ತೆಗೊಳ್ಬಹುದು, ಆದ್ರೆ ಎಲ್ಲಾ ಬಟನಿಗಲ್ಲ

ಡೆಕಾಲ್ ಅಂದ್ರೆ ಪ್ರಿಂಟ್ ಹೊಡೆದು, ನೀರಿಗೆ ಹಾಕಿ, ಹಿಂದಿನ ಕಾಗದದಿಂದ ಜಾರಿಸಿ ಅಂಟಿಸುವ ತೆಳು ಪದರ. ಐದು ಶೀಟಿನ ಪ್ಯಾಕೆಟು, ಟ್ರಾನ್ಸ್‌ಪರೆಂಟ್, ಇಂಕ್‌ಜೆಟ್ ಪ್ರಿಂಟರಿಂದು, ಕೊರಿಯರ್ ಸೇರಿ 500 ರೂಪಾಯಿ ಒಳಗೆ ಬದಿಯಡ್ಕಕ್ಕೆ ಬಂತು. ತರಿಸಿದ್ದು ಮಾವನ ಅಡಿಕೆ ಅಂಗಡಿಯ ಟೇಬಲ್ ಕ್ಯಾಲ್ಕುಲೇಟರಿಗೆ, ಹಸಿರು ಲೈಟಲ್ಲಿ ಅಂಕೆ ಹೊಳೀತದಲ್ಲಾ ಆ ಕಾಲದ್ದು. ಮೆಷಿನ್ ಈಗ್ಲೂ ಗಟ್ಟಿ, ಆದ್ರೆ ಸೊನ್ನೆ, 5, ಗುಣಾಕಾರ, ಈಕ್ವಲ್ ಇವುಗಳ ಮೇಲೆ ಎಂತದೂ ಇಲ್ಲ, ಬರೀ ಕ್ರೀಮ್ ಕಲರ್ ಪ್ಲಾಸ್ಟಿಕ್. ಮಾವನಿಗೆ ನೋಡದೇ ಒತ್ತಿ ಅಭ್ಯಾಸ, ಬೇರೆಯವ್ರು ಕೂತ್ರೆ ಕಷ್ಟ, ಚಾಲಿ (ಒಣಗಿಸಿದ ಅಡಿಕೆ) ರೇಟಿಗೆ ಒಂದು ಸೊನ್ನೆ ಹೆಚ್ಚು ಬಿದ್ರೆ ಎಂತ ಆಗ್ತದೆ ಗೊತ್ತಲ್ಲಾ.

ಮೊದ್ಲು ನಿಮ್ಮ ಬಟನ್ ಯಾವ ಜಾತಿದು ನೋಡಿ. 1972ರ ಎಚ್‌ಪಿ-35ರ ಹಾಗಿನ ಮೆಷಿನಲ್ಲಿ ಅಂಕೆಯೇ ಬೇರೆ ಬಣ್ಣದ ಪ್ಲಾಸ್ಟಿಕ್, ಎರಡು ಸಲ ಅಚ್ಚಿಗೆ ಹೊಯ್ದದ್ದು, ಡಬಲ್ ಶಾಟ್ ಅಂತಾರೆ, ಬಟನ್ ಸವೆದ್ರೂ ಅಂಕೆ ಹೋಗುದಿಲ್ಲ. ಕೆತ್ತಿದ ಅಕ್ಷರ ಆದ್ರೆ ಗುಳಿಗೆ ಪೇಂಟ್ ತುಂಬಿಸಿ ಮೇಲಿಂದ ಒರೆಸಿದ್ರೆ ಆಯ್ತು. ಈ ಶೀಟ್ ಬೇಕಾಗುದು ಮೇಲಿಂದ ಪ್ರಿಂಟ್ ಹೊಡೆದ ಬಟನಿಗೆ ಮಾತ್ರ.

ಕ್ರೀಮ್ ಬಟನ್ ಮೇಲೆ ಕಪ್ಪು ಅಂಕೆ ಒಳ್ಳೇ ಚಂದ ಬಂದಿದೆ, ಅದ್ರಲ್ಲಿ ಎರಡು ಮಾತಿಲ್ಲ. ಕೀಬೋರ್ಡನ್ನು ಸ್ಕ್ಯಾನರ್ ಮೇಲೆ ಕವುಚಿ ಹಾಕಿ 600 ಡಿಪಿಐಯಲ್ಲಿ ಸ್ಕ್ಯಾನ್ ತೆಗ್ದು, ಅದರ ಮೇಲೆಯೇ ಅಕ್ಷರ ಕೂರಿಸಿದೆ, ಅಳತೆ ತಾನಾಗಿ ಸರಿ ಬರ್ತದೆ, ಪ್ರಿಂಟ್ ಕೊಡುವಾಗ ಮಾತ್ರ 100 ಪರ್ಸೆಂಟ್ ಇಡ್ಬೇಕು, ಫಿಟ್ ಟು ಪೇಜ್ ಇದ್ರೆ ಸಣ್ಣ ಆಗಿಹೋಗ್ತದೆ. ಹೋದ ನಾಲ್ಕು ಬಟನಿಗೆ ಮಾತ್ರ ಅಂಟಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಹೊಸ ಕಪ್ಪಿನ ಪಕ್ಕ ಹಳೇ ಮಾಸಿದ ಕಪ್ಪು ಎದ್ದು ಕಾಣ್ತದೆ. ಹತ್ತು ಅಂಕೆಯೂ ಒಟ್ಟಿಗೇ ಮಾಡಿ, ಸ್ವಲ್ಪ ಬೂದು ಬೆರೆಸಿದ ಕಪ್ಪಲ್ಲಿ. ಉಳಿದ ಹಳೇ ಇಂಕ್ ತೆಗೀಲಿಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು, ಥಿನ್ನರ್ ಮುಟ್ಟಿಸ್ಬೇಡಿ, ಬಟನಿನ ಎಬಿಎಸ್ ಪ್ಲಾಸ್ಟಿಕ್ ಕರಗ್ತದೆ.

ಇನ್ನು ಪ್ಯಾಕೆಟಿನವ್ರು ಸರಿಯಾಗಿ ಹೇಳದ ವಿಷಯ. ಇಂಕ್‌ಜೆಟ್ ಇಂಕ್ ನೀರಿಗೆ ಬಿಡ್ತದೆ, ಹಾಗಾಗಿ ನೀರಿಗೆ ಹಾಕುವ ಮೊದ್ಲು ಅಕ್ರಿಲಿಕ್ ಕ್ಲಿಯರ್ ಸ್ಪ್ರೇ ತೆಳ್ಳಗೆ ಎರಡು ಮೂರು ಕೋಟ್ ಬೇಕೇ ಬೇಕು, ಅಂಟಿಸಿ ಒಣಗಿದ ಮೇಲೆ ಇನ್ನೊಮ್ಮೆ ಮ್ಯಾಟ್ ಕ್ಲಿಯರ್, ಇಲ್ಲಾಂದ್ರೆ ಬೆರಳಿನ ಎಣ್ಣೆಗೇ ಎದ್ದುಬರ್ತದೆ. ಸ್ಪ್ರೇ ಕ್ಯಾನಿನ ಖರ್ಚು ಶೀಟಿಗಿಂತ ಹೆಚ್ಚಾಯ್ತು, ಅದನ್ನು ಸೇರಿಸಿಯೇ ಲೆಕ್ಕ ಹಾಕಿ. ನಮ್ಮೂರ ಆಟಿ ಮಳೆಗಂತೂ ಸ್ಪ್ರೇ ಹೊಡೀಲೇ ಬಾರ್ದು, ಸಾಲ್ವೆಂಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ಪಸೆ ಕೂತು ಹಾಲಿನ ಹಾಗೆ ಬೆಳ್ಳಗಾಗ್ತದೆ. ನಾನು ಮಳೆ ಮುಗಿದ ಮೇಲೆ, ಬಿಸಿಲಿನ ದಿನ ಮಧ್ಯಾಹ್ನ ಮಾಡಿದ್ದು. ಮತ್ತೆ ಈ ಶೀಟನ್ನು ಲೇಸರ್ ಪ್ರಿಂಟರಿಗೆ ಹಾಕ್ಬಾರ್ದು, ಒಳಗಿನ ಬಿಸಿಗೆ ಕೋಟಿಂಗ್ ಕರಗಿ ರೋಲರಿಗೆ ಹಿಡೀತದೆ, ಝೆರಾಕ್ಸ್ ಅಂಗಡಿಯವ ಬೇಡ ಅಂದ್ರೆ ಅವನ ಮೇಲೆ ಸಿಟ್ಟಾಗ್ಬೇಡಿ.

ಕಡು ಬೂದು ಬಣ್ಣದ ಮೆಮೊರಿ ಬಟನ್‌ಗಳ ಬಿಳಿ ಅಕ್ಷರಕ್ಕೆ ಇದು ಉಪಯೋಗಕ್ಕಿಲ್ಲ, ಮನೆ ಪ್ರಿಂಟರಲ್ಲಿ ಬಿಳಿ ಇಂಕೇ ಇಲ್ವಲ್ಲಾ. ಬಿಳಿ ಶೀಟ್ ತಗೊಂಡು ಸುತ್ತ ಬೂದು ಪ್ರಿಂಟ್ ಮಾಡ್ಬಹುದು, ಆದ್ರೆ ಆ ಬೂದು ಬಟನಿನ ಬೂದಿಗೆ ಸರಿ ಹೊಂದುದು ಕಷ್ಟ. ಹಿಂದೆ ಡ್ರಾಯಿಂಗ್‌ನವ್ರು ಉಜ್ಜಿ ಅಂಟಿಸ್ತಿದ್ದ ಲೆಟ್ರಾಸೆಟ್ ನಮೂನೆಯ ಬಿಳಿ ಶೀಟ್ ಸಿಕ್ರೆ ಅದೇ ಬೆಸ್ಟ್.

ಐದಕ್ಕೆ ಮೂರೂವರೆ ಸ್ಟಾರ್. ಉಳಿದ ಶೀಟನ್ನು ಸಿಲಿಕಾ ಜೆಲ್ ಹಾಕಿ ಜಿಪ್ ಕವರಲ್ಲಿಡಿ, ಪಸೆ ಹಿಡಿದ್ರೆ ಸುರುಳಿ ಸುತ್ತಿ ಪ್ರಿಂಟರಲ್ಲಿ ಸಿಕ್ಕಿಕೊಳ್ತದೆ.