ಹೊಸ ಮುಖಕ್ಕೆ ಮತ ಹಾಕುವ ಮುನ್ನ: ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್ ಮತ್ತು ಕೆವೈಸಿ ಆ್ಯಪ್ ಎಷ್ಟು ನೆರವಾಗುತ್ತವೆ?

‘ಅವರೂ ಅಷ್ಟೇ, ಇವರೂ ಅಷ್ಟೇ’ ಎಂಬ ಬೇಸರ ಎಲ್ಲಿ ಹುಟ್ಟುತ್ತದೋ ಅಲ್ಲಿ ಒಬ್ಬ ಹೊಸ ಅಭ್ಯರ್ಥಿ ಕಾಣಿಸಿಕೊಳ್ಳುತ್ತಾರೆ. ನಟರೋ, ನಿವೃತ್ತ ಅಧಿಕಾರಿಯೋ, ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಬಂದವರೋ ಆಗಿರಬಹುದು. ‘ನಾನು ರಾಜಕಾರಣಿ ಅಲ್ಲ’ ಎನ್ನುವುದೇ ಅವರ ಮುಖ್ಯ ಅರ್ಹತೆ. ಆ ಮಾತನ್ನು ಪರೀಕ್ಷಿಸಲು ಮತದಾರನ ಕೈಯಲ್ಲಿರುವ ಉಚಿತ ಸಾಧನಗಳು ಎರಡು: ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್ ಮತ್ತು ‘ನೋ ಯುವರ್ ಕ್ಯಾಂಡಿಡೇಟ್’, ಅಂದರೆ ಕೆವೈಸಿ ಆ್ಯಪ್. ಹಳೆಯ ಹುಲಿಗಳನ್ನು ಅಳೆಯಲು ಎರಡೂ ಒಳ್ಳೆಯವೇ. ಹೊಸಬರ ವಿಷಯದಲ್ಲಿ ಮಾತ್ರ ಅರ್ಧಕ್ಕೇ ನಿಲ್ಲುತ್ತವೆ. ಪ್ರಕರಣ ಇಲ್ಲ, ಸರ್ಕಾರಿ ಬಾಕಿ ಇಲ್ಲ, ಹಿಂದಿನ ಅಫಿಡವಿಟ್ಟೂ ಇಲ್ಲ. ತೆರೆಯ ಮೇಲೆ ಈ ಖಾಲಿತನ ಶುದ್ಧಹಸ್ತದಂತೆ ಕಾಣುತ್ತದೆ.

ಬಳಕೆ ಸುಲಭ. ಪೋರ್ಟಲ್‌ನಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆಯ್ದರೆ ನಾಮಪತ್ರ ಸಲ್ಲಿಸಿದ ಎಲ್ಲರ ಪಟ್ಟಿ ಫೋಟೊ ಸಹಿತ ಬರುತ್ತದೆ. ಸ್ವೀಕೃತ, ತಿರಸ್ಕೃತ, ಹಿಂತೆಗೆತ, ಕಣದಲ್ಲಿರುವವರು ಎಂಬ ವಿಂಗಡಣೆಯೂ ಇದೆ. ಹೆಸರಿನ ಮೇಲೆ ಒತ್ತಿದರೆ ನಮೂನೆ 26ರ, ಅಂದರೆ ಅಭ್ಯರ್ಥಿ ತನ್ನ ಆದಾಯ, ಆಸ್ತಿ, ಪ್ರಕರಣಗಳನ್ನು ಘೋಷಿಸುವ ಅಫಿಡವಿಟ್ಟಿನ, ಪಿಡಿಎಫ್ ಇಳಿಸಿಕೊಳ್ಳಬಹುದು. ಅಂತಿಮ ಪಟ್ಟಿ ಸಿಗುವುದು ನಾಮಪತ್ರ ಹಿಂತೆಗೆಯುವ ದಿನ ಮುಗಿದ ಮೇಲೆಯೇ. 2023ರ ವಿಧಾನಸಭಾ ಚುನಾವಣೆಯಲ್ಲಿ ಅದು ಏಪ್ರಿಲ್ 24, ಮತದಾನ ಮೇ 10. ಹದಿನಾರು ದಿನದ ಸಮಯ. ಪಕ್ಷೇತರರಲ್ಲಿ ಅನೇಕರು ಕೊನೆಯ ದಿನವೇ ನಾಮಪತ್ರ ಕೊಡುವುದರಿಂದ ಮೊದಲೇ ಹುಡುಕಿ ‘ಅವರ ಹೆಸರೇ ಇಲ್ಲ’ ಎಂದು ಕೈಬಿಡಬೇಡಿ.

ಹೆಸರಿನಿಂದ ಹುಡುಕುವಾಗ ಎಚ್ಚರ ಬೇಕು. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಷ್ ಅವರ ಜೊತೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಫೋಟೊ, ತಂದೆ ಅಥವಾ ಗಂಡನ ಹೆಸರು, ವಿಳಾಸ ಮೂರೂ ತಾಳೆಯಾದ ಮೇಲೆಯೇ ಪಿಡಿಎಫ್ ತೆರೆಯಿರಿ. ಇಂಥ ಗೊಂದಲ ತಪ್ಪಿಸಲೆಂದೇ 2015ರಿಂದ ಮತಯಂತ್ರದ ಮತಪತ್ರದಲ್ಲೂ ಅಭ್ಯರ್ಥಿಯ ಭಾವಚಿತ್ರ ಬರುತ್ತಿದೆ.

ದೊಡ್ಡ ತೊಂದರೆ ಪಿಡಿಎಫ್‌ನದೇ. ಅದು ಸ್ಟಾಂಪ್ ಪೇಪರಿನ ಸ್ಕ್ಯಾನ್. ಒಳಗಿನ ಪದಗಳನ್ನು ಹುಡುಕಲು ಬರುವುದಿಲ್ಲ, ಕೆಲವು ಪುಟ ಅಡ್ಡ ಬಿದ್ದಿರುತ್ತವೆ, ಕೈಬರಹದಲ್ಲಿ ತುಂಬಿದ ಅಂಕಿಗಳ ಮೇಲೆ ನೋಟರಿಯ ಮೊಹರು ಕೂತಿರುತ್ತದೆ. ಮೊಬೈಲಿನಲ್ಲಿ ಓದುವ ಆಸೆ ಬಿಡಿ. ಕೊನೆಯಲ್ಲಿ ಬರುವ ಭಾಗ ಬಿ ಇಡೀ ಅಫಿಡವಿಟ್ಟಿನ ಸಾರಾಂಶ. ಅವಸರದವರು ಅದನ್ನಷ್ಟೇ ಓದುತ್ತಾರೆ. ಹೊಸ ಅಭ್ಯರ್ಥಿಯ ಮಟ್ಟಿಗೆ ಅದು ಸಾಲದು, ಬೇಕಾದ ವಿವರ ಇರುವುದು ಭಾಗ ಎ ಒಳಗೆ.

ಅಲ್ಲಿ ಮೊದಲು ನೋಡಬೇಕಾದದ್ದು ಅಂಕಣ 4. ಪಾನ್ ಸಂಖ್ಯೆಯ ಜೊತೆ ಐದು ವರ್ಷಗಳ ಆದಾಯ ತೆರಿಗೆ ವಿವರ ಇರುತ್ತದೆ. ಸಂಗಾತಿ, ಅವಲಂಬಿತರು, ಹಿಂದೂ ಅವಿಭಕ್ತ ಕುಟುಂಬದ್ದೂ ಸೇರಿ. ‘ಕಷ್ಟಪಟ್ಟು ಮೇಲೆ ಬಂದವರು’ ಎಂಬ ಪ್ರಚಾರವನ್ನು ಈ ಐದು ಸಾಲುಗಳ ಪಕ್ಕ ಇಟ್ಟು, ಅಂಕಣ 7ರ ಆಸ್ತಿಗೆ ಹೋಲಿಸಿ. ಆದಾಯ ಕೆಲವೇ ಲಕ್ಷ, ಇತ್ತೀಚೆಗೆ ಕೊಂಡ ಜಮೀನು ಕೋಟಿಗಳಲ್ಲಿ ಇದ್ದರೆ ಅಂಕಣ 8ರಲ್ಲಿ ಸಾಲ ಕಾಣಬೇಕು. ಅದೂ ಇಲ್ಲದಿದ್ದರೆ ಪ್ರಚಾರ ಸಭೆಯಲ್ಲಿ ಎದ್ದು ಕೇಳಬಹುದಾದ ಪ್ರಶ್ನೆ ಸಿಕ್ಕಂತೆ. ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡಾಗಿನ ಬೆಲೆ ಎಲ್ಲಕ್ಕೂ ಪ್ರತ್ಯೇಕ ಸಾಲುಗಳಿವೆ.

ಎರಡನೆಯದು 9, 9ಎ, 9ಬಿ. ಬಹುತೇಕರು ಈ ಪುಟ ತಲುಪುವ ಹೊತ್ತಿಗೆ ಸುಸ್ತಾಗಿರುತ್ತಾರೆ. ವೃತ್ತಿ, ಆದಾಯದ ಮೂಲ, ಸರ್ಕಾರದ ಜೊತೆಗಿನ ಗುತ್ತಿಗೆ ಇಲ್ಲಿವೆ. ಅಭ್ಯರ್ಥಿಯ ಹೆಸರಿನಲ್ಲಿರುವ ಗುತ್ತಿಗೆ ಮಾತ್ರವಲ್ಲ, ಸಂಗಾತಿಯ ಹೆಸರಿನದು, ಅವರಿಗೆ ಹಿತಾಸಕ್ತಿ ಇರುವ ಟ್ರಸ್ಟ್, ಪಾಲುದಾರಿಕೆ ಸಂಸ್ಥೆ, ಷೇರು ಹೊಂದಿರುವ ಖಾಸಗಿ ಕಂಪನಿಗಳದ್ದೂ ಬರೆಯಬೇಕು. ವ್ಯವಸ್ಥೆಯ ಹೊರಗಿನವರು ಎಂದುಕೊಳ್ಳುವವರು ನಿಜಕ್ಕೂ ಎಷ್ಟು ಹೊರಗಿದ್ದಾರೆ ಎಂಬುದು ಗೊತ್ತಾಗುವುದು ಇಲ್ಲಿಯೇ. ಮಿತಿಯೂ ಇದೆ: ಶಿಕ್ಷಣ ಟ್ರಸ್ಟ್ ನಡೆಸುವವರ ಕಾಲೇಜು ಕಟ್ಟಡ ಟ್ರಸ್ಟಿನ ಆಸ್ತಿ, ಅಂಕಣ 7ಕ್ಕೆ ಬರುವುದಿಲ್ಲ. ಕಂಪನಿ ಮಾಡಿದ ಸಾಲ ಕಂಪನಿಯದು.

ಇನ್ನು ಅಂಕಣ 5, ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳು. ಕೆವೈಸಿ ಆ್ಯಪ್ ಇದನ್ನೇ ಎತ್ತಿ ತೋರಿಸುತ್ತದೆ: ಇದೆಯೋ ಇಲ್ಲವೋ, ಅಷ್ಟೇ. ಈ ಸರಳತೆಯೇ ಆ್ಯಪ್‌ನ ದೋಷ. ರೈತ ಚಳವಳಿ, ನೀರಿನ ಹೋರಾಟ, ಕನ್ನಡ ಚಳವಳಿಗಳಿಂದ ಬಂದವರ ಮೇಲೆ ಅಕ್ರಮ ಕೂಟ, ರಸ್ತೆ ತಡೆಯ ಪ್ರಕರಣಗಳಿರುವುದು ಮಾಮೂಲು. ಹಳೆಯ ಭಾರತೀಯ ದಂಡ ಸಂಹಿತೆಯ 143, 283, 341ನೇ ಸೆಕ್ಷನ್‌ಗಳು. ವಂಚನೆಯ 420, ಕೊಲೆ ಯತ್ನದ 307 ಇರುವವರಿಗೂ ಇವರಿಗೂ ಆ್ಯಪ್‌ನಲ್ಲಿ ಒಂದೇ ಗುರುತು. ಬೀದಿಗಿಳಿದು ದುಡಿದವರಿಗೆ ಮಸಿ, ಏನೂ ಮಾಡದೆ ಕೂತವರಿಗೆ ಬಿಳಿ ಅಂಗಿ! ಪಿಡಿಎಫ್‌ಗೆ ಹೋಗಿ ಸೆಕ್ಷನ್ ಮತ್ತು ‘ದೋಷಾರೋಪ ಹೊರಿಸಲಾಗಿದೆಯೇ’ ಎಂಬ ಸಾಲು ನೋಡದೆ ತೀರ್ಮಾನಿಸಬೇಡಿ. 2024ರ ಜುಲೈ 1ರ ನಂತರದ ಪ್ರಕರಣಗಳಲ್ಲಿ ಭಾರತೀಯ ನ್ಯಾಯ ಸಂಹಿತೆಯ ಬೇರೆ ಸಂಖ್ಯೆಗಳಿರುತ್ತವೆ.

ಪಕ್ಷಗಳ ಅಭ್ಯರ್ಥಿಗಿರುವ ಒಂದು ಜರಡಿ ಪಕ್ಷೇತರರಿಗಿಲ್ಲ. ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ, ಏಕೆ ಕೊಟ್ಟೆವು ಎಂದು ಪಕ್ಷ ಪ್ರಕಟಿಸಬೇಕು. ಪಕ್ಷೇತರರು ತಮ್ಮ ಪ್ರಕರಣಗಳನ್ನು ಪತ್ರಿಕೆ, ಟಿವಿಯಲ್ಲಿ ಮೂರು ಬಾರಿ ಪ್ರಕಟಿಸಿದರೆ ಸಾಕು. ಅವರನ್ನು ಆರಿಸಿದ್ದು ಏಕೆಂದು ಹೇಳುವವರು ಯಾರೂ ಇಲ್ಲ.

ಪೋರ್ಟಲ್ ಪೂರ್ತಿ ಕೈಕೊಡುವುದು ‘ಹಿಂದೆ ಯಾರಿದ್ದಾರೆ’ ಎಂಬ ಪ್ರಶ್ನೆಯಲ್ಲಿ. 2019ರಲ್ಲಿ ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅವರ ಎದುರು ಬಿಜೆಪಿ ಅಭ್ಯರ್ಥಿ ಹಾಕದೆ ಅವರನ್ನೇ ಬೆಂಬಲಿಸಿತ್ತು. 1,25,876 ಮತಗಳಿಂದ ಗೆದ್ದ ಅವರು 2024ರ ಏಪ್ರಿಲ್‌ನಲ್ಲಿ ಆ ಪಕ್ಷ ಸೇರಿದರು. 2023ರಲ್ಲಿ ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕದ ದರ್ಶನ್ ಪುಟ್ಟಣ್ಣಯ್ಯ ಅವರಿಗೆ ಕಾಂಗ್ರೆಸ್ ಬೆಂಬಲವಿತ್ತು. ಬಹಿರಂಗ ಬೆಂಬಲ ತಪ್ಪೇನಲ್ಲ, ಪತ್ರಿಕೆ ಓದಿದರೆ ತಿಳಿಯುತ್ತದೆ. ಆದರೆ ಪೋರ್ಟಲ್‌ನಲ್ಲಿ ಕಾಣುವುದು ‘ಪಕ್ಷೇತರ’ ಎಂಬ ಒಂದು ಪದ ಅಥವಾ ಸಣ್ಣ ಪಕ್ಷದ ಹೆಸರು ಮಾತ್ರ. ಇದಕ್ಕೆ ಒಂದು ಒಳದಾರಿ ಇದೆ. ಮಾನ್ಯತೆ ಪಡೆದ ಪಕ್ಷದವರಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಮತದಾರ, ಅಂದರೆ ಸೂಚಕರು, ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಚುನಾವಣಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕುವ ನಮೂನೆ 3ಎಯಲ್ಲಿ ಸೂಚಕರ ಮತದಾರ ಪಟ್ಟಿಯ ಸಂಖ್ಯೆಗಳಿರುತ್ತವೆ. ಹತ್ತೂ ಮತದಾರ ಪಟ್ಟಿಯ ಒಂದೇ ಭಾಗದಿಂದ ಬಂದಿದ್ದರೆ ಊರೂರಲ್ಲಿ ಸಂಘಟನೆ ಇದೆ ಎಂಬ ಮಾತನ್ನು ಸ್ವಲ್ಪ ಅನುಮಾನದಿಂದ ಕೇಳಿ. ಅಭ್ಯರ್ಥಿಯ ಹೇಳಿಕೆಯನ್ನು ಅಲ್ಲಗಳೆದು ಯಾರಾದರೂ ಎದುರು ಅಫಿಡವಿಟ್ ಸಲ್ಲಿಸಿದ್ದರೆ ಅದೂ ಅದೇ ಬೋರ್ಡಿನಲ್ಲಿರುತ್ತದೆ.

ಚುನಾವಣಾ ಸುಧಾರಣೆಗಾಗಿ ಕೆಲಸ ಮಾಡುವ ಎಡಿಆರ್ ಸಂಸ್ಥೆಯ ಮೈನೇತಾ ತಾಣವನ್ನು ಜೊತೆಗಿಟ್ಟುಕೊಳ್ಳಿ. ಸ್ಕ್ಯಾನ್ ಪುಟಗಳನ್ನು ಓದಿ ಕೋಷ್ಟಕ ಮಾಡಿರುವುದರಿಂದ ಹೋಲಿಕೆ ಸಲೀಸು. ಅನುಮಾನ ಬಂದ ಅಂಕಿಯನ್ನು ಮಾತ್ರ ಮೂಲ ಪಿಡಿಎಫ್‌ನಲ್ಲೇ ನೋಡಬೇಕು.

ಗೆದ್ದ ಮೇಲಿನ ಕಥೆಗೆ ಆಯೋಗದ ಯಾವ ಆ್ಯಪ್ ಕೂಡ ಉಪಯೋಗಕ್ಕಿಲ್ಲ. ಪಕ್ಷೇತರರಾಗಿ ಗೆದ್ದವರು ಪಕ್ಷ ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿಯಂತೆ ಸದಸ್ಯತ್ವ ಹೋಗುತ್ತದೆ; ಪಕ್ಷ ಸೇರದೆ ಸರ್ಕಾರವನ್ನು ಬೆಂಬಲಿಸಿ ಮಂತ್ರಿಯಾದರೆ ಅಷ್ಟರಿಂದಲೇ ಹೋಗುವುದಿಲ್ಲ. 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿಗೆ ಬಹುಮತ ಸಿಕ್ಕಿದ್ದು ಈ ಬಾಗಿಲಿನಿಂದ, ಐವರು ಪಕ್ಷೇತರರು ಸಚಿವರಾದರು. 2018ರಲ್ಲಿ ರಾಣೆಬೆನ್ನೂರಿನಿಂದ ಆರ್. ಶಂಕರ್ ಗೆದ್ದದ್ದು ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದಿಂದ (ಕೆಪಿಜೆಪಿ). ನಟ ಉಪೇಂದ್ರ 2017ರಲ್ಲಿ ಬದಲಾವಣೆಯ ಮಾತಿನೊಂದಿಗೆ ಜನರ ಮುಂದಿಟ್ಟ ಪಕ್ಷವದು. ಚುನಾವಣೆಗೆ ಮೊದಲೇ ಅವರು ಅದರಿಂದ ಹೊರಬಂದಿದ್ದರು. ಗೆದ್ದ ಮರುವರ್ಷ ಶಂಕರ್ ಮೈತ್ರಿ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ಹಿಂತೆಗೆದು, ಜೂನ್‌ನಲ್ಲಿ ಅದೇ ಸರ್ಕಾರದಲ್ಲಿ ಸಚಿವರಾಗಿ, ಜುಲೈನಲ್ಲಿ ರಾಜೀನಾಮೆ ಕೊಟ್ಟು, ಅದೇ ತಿಂಗಳು ಸ್ಪೀಕರ್‌ರಿಂದ ಅನರ್ಹರಾದರು.

ಹಾಗಾಗಿ ಗೆದ್ದವರ ಪಿಡಿಎಫ್ ಇಳಿಸಿ, ಕ್ಷೇತ್ರ, ಹೆಸರು, ವರ್ಷ ಹಾಕಿ ಉಳಿಸಿಕೊಳ್ಳಿ. ಫಲಿತಾಂಶ ಬಂದ 30 ದಿನದೊಳಗೆ ಅವರು ಖರ್ಚಿನ ಲೆಕ್ಕವನ್ನೂ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಆ ಲೆಕ್ಕದಲ್ಲಿ ಹಣ ಎಲ್ಲಿಂದ ಬಂತೆಂದು ಹೇಳುವ ಪಟ್ಟಿಯನ್ನು ಅಂಕಣ 4ರ ಐದು ಸಾಲುಗಳ ಪಕ್ಕ ಇಟ್ಟು ಓದಿ.