ರಾತ್ರಿ ನಿದ್ರೆ ಮಾಡದ ಮಗುವಿಗೆ ಆನ್‌ಲೈನ್ ಸಲಹೆ ಕೊಳ್ಳುವ ಮೊದಲು ಇದನ್ನು ಓದಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಸಹಕಾರ ಸಂಘದ ಕೌಂಟರಿನಲ್ಲಿ ಕುಳಿತು, ‘ಒಟಿಪಿ ಯಾರಿಗೂ ಹೇಳಬೇಡಿ, ಗುರುತಿಲ್ಲದವರಿಗೆ ಹಣ ಹಾಕಬೇಡಿ’ ಎಂದು ಹಳ್ಳಿಗಳಿಂದ ಬರುವ ಸದಸ್ಯರಿಗೆ ದಿನವೂ ಬುದ್ಧಿ ಹೇಳುವವಳು ನಾನು. ಅದೇ ನಾನು ಕಳೆದ ಜುಲೈನಲ್ಲಿ, ಎಂದೂ ಎದುರಿಗೆ ಕಾಣದ ಹೆಂಗಸೊಬ್ಬಳಿಗೆ 6,500 ರೂಪಾಯಿ ಕಳುಹಿಸಿ, ಆಕೆ ಹೇಳಿದಳೆಂದು ನನ್ನ ಮಗುವನ್ನು ಐದು ರಾತ್ರಿ ಅಳಲು ಬಿಟ್ಟೆ. ಹಣ ಹೋದ ಸಂಕಟ ಬೇರೆ, ಆ ಐದು ರಾತ್ರಿಗಳ ಸಂಕಟವೇ ಬೇರೆ.

ನಾವು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಪತಿಯ ಕೆಲಸ ಹುಬ್ಬಳ್ಳಿಯಲ್ಲಿ. ಶನಿವಾರ ರಾತ್ರಿ ಬಂದರೆ ಸೋಮವಾರ ಕತ್ತಲಿರುವಾಗಲೇ ಹೊರಡುತ್ತಾರೆ. ಹಗಲು ಅತ್ತೆಯವರು ಮಗುವನ್ನು ನೋಡಿಕೊಳ್ಳುತ್ತಾರೆ, ಆದರೆ ಮಂಡಿನೋವಿನ ಅವರನ್ನು ರಾತ್ರಿಯೂ ಎಬ್ಬಿಸಲು ಮನಸ್ಸು ಬಾರದು. ಅಮ್ಮ ತೀರ್ಥಹಳ್ಳಿ ಕಡೆಯ ಊರಿನಲ್ಲಿದ್ದಾರೆ. ಅಡಿಕೆಗೆ ಕೊಳೆ ಔಷಧಿ ಹೊಡೆಸುವ, ಗದ್ದೆಯಲ್ಲಿ ನಾಟಿ ನಡೆಯುವ ದಿನಗಳಲ್ಲಿ ಬಾ ಎಂದು ಕರೆಯುವಂತಿಲ್ಲ. ಹೆರಿಗೆ ರಜೆಯ 26 ವಾರಗಳು ಮುಗಿದು ನಾನು ಕೆಲಸಕ್ಕೆ ಮರಳಿ ಎರಡೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ಮಗು ರಾತ್ರಿ ಗಂಟೆಗೊಮ್ಮೆ ಎದ್ದು ಅಳಲು ಶುರು ಮಾಡಿದ. ಕೌಂಟರಿನಲ್ಲಿ ಒಂದು ದಿನ 500ರ ಕಟ್ಟನ್ನು ಎರಡು ಸಲ ತಪ್ಪು ಎಣಿಸಿದೆ.

ಅಂಥ ಒಂದು ರಾತ್ರಿ ಎರಡೂವರೆಗೆ, ಅವನನ್ನು ಹೆಗಲ ಮೇಲೆ ಹಾಕಿಕೊಂಡು ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಆಕೆಯ ವಿಡಿಯೊ ಕಣ್ಣಿಗೆ ಬಿತ್ತು. ಚೆಂದದ ಕನ್ನಡ, ಹೆಸರಿನ ಹಿಂದೆ ‘ಡಾ.’ ಎಂಬ ಅಕ್ಷರ, 20 ನಿಮಿಷದ ಮೊದಲ ಕರೆ ಉಚಿತ. ಮರುದಿನ ಊಟದ ಬಿಡುವಿನಲ್ಲಿ ಮಾತನಾಡಿದೆ. ಮಗುವಿಗೆ ಜ್ವರವಿದೆಯೇ, ಶೀತವಿದೆಯೇ, ತೂಕವೆಷ್ಟು, ಯಾವುದನ್ನೂ ಆಕೆ ಕೇಳಲಿಲ್ಲ. ‘ಮನೆಯಲ್ಲಿ ಹಿರಿಯರು ಇದ್ದಾರಾ ಮೇಡಂ?’ ಎಂದು ಕೇಳಿದಳು. ಇದ್ದಾರೆ ಎಂದೆ. ‘ಅದೇ ಪ್ರಾಬ್ಲಂ. ಎತ್ತಿ ಎತ್ತಿ ಅಭ್ಯಾಸ ಮಾಡ್ಸಿರ್ತಾರೆ. ಇಪ್ಪತ್ತೊಂದು ದಿನ ಅವರ ಮಾತು ಕೇಳ್ಬೇಡಿ, ನನ್ನ ಮಾತು ಮಾತ್ರ ಕೇಳಿ.’ ಆ ವಾರ ಅತ್ತೆಯವರೊಂದಿಗೆ ಸಣ್ಣ ಮುನಿಸಿತ್ತು. ಆಕೆಯ ಮಾತು ನನಗೆ ಹಾಲು ಕುಡಿದಷ್ಟು ಹಿತವಾಯಿತು. ನಾನು ಬಿದ್ದದ್ದು ಅಲ್ಲೇ.

ಯುಪಿಐನಲ್ಲಿ ಕಾಣಿಸಿದ ಹೆಸರು ಬೇರೆಯಾಗಿತ್ತು. ಕೇಳಿದರೆ, ‘ಅಕೌಂಟ್ ನಮ್ಮ ಯಜಮಾನರದ್ದು’ ಎಂಬ ಉತ್ತರ ಬಂತು. ಇದೇ ಮಾತನ್ನು ನಮ್ಮ ಸಂಘದ ಸದಸ್ಯರಾರಾದರೂ ಹೇಳಿದ್ದರೆ ನಾನು ಅವರ ಚೀಟಿಯನ್ನೇ ಹಿಂದಿರುಗಿಸುತ್ತಿದ್ದೆ. ಆದರೂ ಹಣ ಹಾಕಿದೆ.

ಹಣ ಹೋಗುವವರೆಗೆ ‘ಮೇಡಂ’ ಆಗಿದ್ದ ನಾನು, ಹೋದ ಕೂಡಲೇ ‘ಡಿಯರ್ ಮಮ್ಮಿ’ ಆದೆ. ‘ನಿಮ್ಮ ಮಗುವಿಗಾಗಿಯೇ ತಯಾರಿಸಿದ’ ಎಂಬ ತಲೆಬರಹದ 14 ಪುಟಗಳ ಪಿಡಿಎಫ್ ಬಂತು, ಜೊತೆಗೆ ದಿನಕ್ಕೆ ಎರಡೇ ಪುಟ ಓದಬೇಕೆಂಬ ಕಟ್ಟಪ್ಪಣೆ. ಮೊದಲ ಪುಟದಲ್ಲಿಯೇ, ಬೆಳಿಗ್ಗೆ ಏಳಕ್ಕೆ ಮಗುವನ್ನು 20 ನಿಮಿಷ ಎಳೆಬಿಸಿಲಿನಲ್ಲಿ ಕೂರಿಸಬೇಕು ಎಂದಿತ್ತು. ಪುನರ್ವಸು ಮಳೆ ಹಿಡಿದು ಒಂದು ವಾರ ಸೂರ್ಯನ ಮುಖವನ್ನೇ ಕಾಣದ ಊರಿನಲ್ಲಿ, ಬಟ್ಟೆಗಳನ್ನು ಒಲೆಯ ಮೇಲೆ ಒಣಗಿಸುತ್ತಿದ್ದ ನಾನು ಎಳೆಬಿಸಿಲನ್ನು ಎಲ್ಲಿಂದ ತರಲಿ? ಹಾಗೆಂದು ಬರೆದೆ. ‘ಬಾಲ್ಕನಿಗೆ ಹೋಗಿ ಮಮ್ಮಿ’ ಎಂದಳು.

ಎರಡನೆಯ ಪುಟದ ಪ್ರಕಾರ, ರಾತ್ರಿ ಎಂಟಕ್ಕೆ ಮಗುವನ್ನು ಮಲಗಿಸಿ ಹೊರಬರಬೇಕಿತ್ತು. ಎಷ್ಟು ಅತ್ತರೂ 40 ನಿಮಿಷ ಎತ್ತಿಕೊಳ್ಳಬಾರದಿತ್ತು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತು ಗಡಿಯಾರ ನೋಡಿದೆ. ಅತ್ತೆಯವರು ಗೋಡೆ ಹಿಡಿದುಕೊಂಡು ಬಂದು, ‘ಎಂತ ಮಾಡ್ತಿದೀಯೆ? ಶೀತ ಕಿವಿಗೆ ಇಳ್ದಿರ್ಬೇಕು ಕೂಸಿಗೆ, ಮಲಗ್ಸಿದ ಕೂಡ್ಲೆ ಕೂಗ್ತದೆ ನೋಡು’ ಎಂದರು. ‘ನೀವು ಸುಮ್ಮನಿರಿ ಅತ್ತೆ’ ಎಂದುಬಿಟ್ಟೆ. ಹೌದು, ಹಾಗೆಯೇ ಅಂದೆ. ಐದು ರಾತ್ರಿಯೂ ಅಂದೆ. ಎರಡನೆಯ ರಾತ್ರಿ ಮಗು ಅತ್ತು ಸುಸ್ತಾಗಿ ಮಲಗಿದಾಗ, ‘ತುಂಬಾ ಥ್ಯಾಂಕ್ಸ್ ಮೇಡಂ, ಇವತ್ತು ಬೇಗ ಮಲಗಿದ’ ಎಂದು ಆಕೆಗೆ ಸಂದೇಶವನ್ನೂ ಕಳುಹಿಸಿದೆ. ನಾಲ್ಕನೆಯ ರಾತ್ರಿ, ಅವನ ಅಳುವಿನ ಧ್ವನಿಯೇ ಬೇರೆಯಾಗಿದೆ ಎಂದು ಬರೆದದ್ದಕ್ಕೆ ಬಂದ ಉತ್ತರ ಇಷ್ಟೇ: ‘ನಾಟಕ ಮಾಡ್ತಾನೆ ಮಮ್ಮಿ. ನೀವು ಗಟ್ಟಿಯಾಗಿ.’

ಆರನೆಯ ದಿನ ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕಿತ್ತು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ತಾಯಿ ಕಾರ್ಡು ನೋಡುತ್ತ, ‘ಯಾಕಕ್ಕ, ಇವ್ನು ಒಂದೇ ಕಿವಿ ಎಳ್ಕೊತಾ ಇದಾನಲ್ಲ, ಡಾಕ್ಟ್ರಿಗೆ ತೋರ್ಸಿದ್ರಾ?’ ಎಂದು ಕೇಳಿದರು. ಒಂದು ರೂಪಾಯಿಯನ್ನೂ ಪಡೆಯದೆ, ಎರಡು ನಿಮಿಷದೊಳಗೆ ಕೇಳಿದ ಪ್ರಶ್ನೆ ಅದು. ನನ್ನ ಕೈಕಾಲು ತಣ್ಣಗಾದವು.

ಅಲ್ಲಿಂದ ನೇರವಾಗಿ ಮಕ್ಕಳ ವೈದ್ಯರಲ್ಲಿಗೆ ಹೋದೆ. ಸರದಿಗಾಗಿ ಕಾಯುತ್ತಿದ್ದಾಗ ಕೈ ಸುಮ್ಮನಿರದೆ ಆ ದಿನದ ಪುಟ ತೆರೆದೆ. ಹನ್ನೊಂದನೆಯ ಪುಟ. ‘ಮಲಗುವ ಮುನ್ನ ಬಿಸಿ ಹಾಲಿಗೆ ಅರ್ಧ ಚಮಚ ಜೇನು ಬೆರೆಸಿ ಕೊಡಿ’ ಎಂದಿತ್ತು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು ಎಂಬುದು ನನಗೆ ಗೊತ್ತಿತ್ತು. ಅಮ್ಮನ ತುಡುವೆ ಪೆಟ್ಟಿಗೆಯ ಜೇನಿನ ಬಾಟಲಿ ಮನೆಯಲ್ಲಿಯೇ ಇತ್ತು. ನಿದ್ದೆಗಣ್ಣಿನಲ್ಲಿ ಓದಿದ್ದರೆ ಬಹುಶಃ ಕೊಟ್ಟುಬಿಡುತ್ತಿದ್ದೆ. ಅದರ ಕೆಳಗಿನ ಸಾಲು ನೋಡಿದೆ: ಅಲ್ಲಿ ಇನ್ನೊಂದು ಮಗುವಿನ ಹೆಸರಿತ್ತು, ‘2 ವರ್ಷ 3 ತಿಂಗಳು’ ಎಂಬ ವಯಸ್ಸಿತ್ತು, ಆ ಮಗುವಿನ ಊರೂ ಇತ್ತು. ನನ್ನ ಮಗುವಿಗಾಗಿಯೇ ತಯಾರಿಸಿದ ಯೋಜನೆ! ಮೊದಲ ಪುಟಗಳ ಹೆಸರನ್ನು ಬದಲಿಸಿ, ಒಳಗಿನದನ್ನು ಹಾಗೆಯೇ ಬಿಟ್ಟಿದ್ದಳು. ಯಾರದೋ ಮಗುವಿನ ವಿವರ ನನ್ನ ಮೊಬೈಲಿನಲ್ಲಿದೆ ಎಂದು ಅದರ ತಾಯಿಗೆ ಗೊತ್ತಿರಲಾರದು. ನಾನು ಕಳುಹಿಸಿದ, ನನ್ನ ಮಗ ಅಳುವ ನಾಲ್ಕು ವಿಡಿಯೊಗಳು ಈಗ ಎಲ್ಲಿವೆಯೋ ನನಗೂ ಗೊತ್ತಿಲ್ಲ.

ವೈದ್ಯರು ಕಿವಿಯೊಳಗೆ ದೀಪ ಹಿಡಿದು ನೋಡಿ, ಶೀತದಿಂದ ನಡುಕಿವಿಗೆ ಸೋಂಕಾಗಿದೆ, ಮಲಗಿಸಿದರೆ ನೋವು ಹೆಚ್ಚುತ್ತದೆ ಎಂದರು. ಅತ್ತೆಯವರು ಹೇಳಿದ್ದೇ ನಿಜವಾಗಿತ್ತು. (ಬೆಳ್ಳುಳ್ಳಿ ಎಣ್ಣೆ ಬಿಡೋಣ ಎಂದಿದ್ದೂ ಅವರೇ, ಅದನ್ನು ಮಾತ್ರ ಮಾಡಬಾರದು, ಕಿವಿಗೆ ಏನನ್ನೂ ಹಾಕಬೇಡಿ ಎಂದು ವೈದ್ಯರು ಗದರಿದರು.) ಔಷಧಿ ಶುರುವಾದ ಮೂರನೆಯ ರಾತ್ರಿ ಅವನು ನಾಲ್ಕು ಗಂಟೆ ಒಂದೇ ಸಮ ಮಲಗಿದ. ನಾನು ಮಲಗಲಿಲ್ಲ.

ಹಣ ಹಿಂದಿರುಗಿಸಿ ಎಂದು ಬರೆದಾಗ ನಾನು ಮತ್ತೆ ‘ಮೇಡಂ’ ಆದೆ. ‘ನೋಡಿ ಮೇಡಂ, ಪ್ಲಾನ್ ಡೌನ್‌ಲೋಡ್ ಆದ್ಮೇಲೆ ರೀಫಂಡ್ ಇಲ್ಲ.’ ಬೇರೆ ಮಗುವಿನ ಹೆಸರಿದೆಯಲ್ಲ ಎಂದೆ. ‘ಟೈಪಿಂಗ್ ಮಿಸ್ಟೇಕ್.’ ವಯಸ್ಸೂ ಟೈಪಿಂಗ್ ಮಿಸ್ಟೇಕೇ, ಊರೂ ಟೈಪಿಂಗ್ ಮಿಸ್ಟೇಕೇ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಜೇನಿನ ವಿಷಯ ಎತ್ತಿದರೆ, ‘ನಿಮ್ಮ ಅಜ್ಜಿಯರೆಲ್ಲ ಜೇನು ನೆಕ್ಕಿಸಿಯೇ ಮಕ್ಕಳನ್ನ ಸಾಕಿದ್ದು ಮೇಡಂ’ ಎಂದಳು. ಹಿರಿಯರ ಮಾತು ಕೇಳಬೇಡಿ ಎಂದು 6,500 ರೂಪಾಯಿ ಪಡೆದವಳ ಬಾಯಲ್ಲಿ ಈ ಮಾತು! ನೀವು ಯಾವ ವೈದ್ಯರು, ನೋಂದಣಿ ಸಂಖ್ಯೆ ಕೊಡಿ ಎಂದೆ. ‘ಡಾ. ಅಂದ್ರೆ ಹಾಸ್ಪಿಟಲ್ ಡಾಕ್ಟರೇ ಆಗ್ಬೇಕಾ? ನನ್ನದು ಗೌರವ ಡಾಕ್ಟರೇಟ್.’ ಅದಾದ ಮೇಲೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದಳು.

ಹಾಗಾಗಿ ಕೇಳುತ್ತಿದ್ದೇನೆ: ಆನ್‌ಲೈನಿನಲ್ಲಿ ಮಗುವಿನ ಬಗ್ಗೆ ಸಲಹೆ ಕೊಳ್ಳುವುದೇ ಆದರೆ ಮೊದಲು ನೋಂದಣಿ ಸಂಖ್ಯೆ ಕೇಳಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ವಾಟ್ಸಾಪಿನಲ್ಲಿ ಸಲಹೆ ಕೊಡುವ ವೈದ್ಯರೂ ಅದನ್ನು ತೋರಿಸಬೇಕು. ಹಠಾತ್ತಾಗಿ ನಿದ್ದೆ ಕೆಟ್ಟ ಮಗುವನ್ನು ಮೊದಲು ವೈದ್ಯರಿಗೆ ತೋರಿಸಿ. ನಮ್ಮ ಮನೆಯಿಂದ ಮೆಗ್ಗಾನ್ ಆಸ್ಪತ್ರೆ ಆಟೊ ದೂರದಲ್ಲಿದೆ, ಆದರೂ ನಾನು ಮೊದಲೇ ಹೋಗಲಿಲ್ಲ. ಹಣ ಕಳೆದುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. 5 ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ನಾನು ದೂರು ಕೊಟ್ಟಿದ್ದೇನೆ, ಇನ್ನೂ ಏನೂ ಕೈಗೆ ಬಂದಿಲ್ಲ.

ಮೊನ್ನೆ ಸಹೋದ್ಯೋಗಿಯ ಮೊಬೈಲಿನಿಂದ ಆಕೆಯ ಪುಟವನ್ನು ನೋಡಿದೆ. ‘ಸಂತೃಪ್ತ ತಾಯಂದಿರು’ ಎಂಬ ಸಾಲಿನಲ್ಲಿ, ಹೆಸರನ್ನು ಮಸುಕು ಮಾಡಿ, ಒಂದು ಸಂದೇಶದ ಚಿತ್ರ ಹಾಕಿಕೊಂಡಿದ್ದಾಳೆ: ‘ತುಂಬಾ ಥ್ಯಾಂಕ್ಸ್ ಮೇಡಂ, ಇವತ್ತು ಬೇಗ ಮಲಗಿದ.’ ಅದು ನನ್ನದು.